ಹೇಳಬಾರದ ಗುರುತು

"ಮೇಡಂ, ನನಗೆ ಗೊತ್ತಾಗ್ತಿದೆ."

ನಾನಿನ್ನೂ ಕೋಣೆಯ ಬಾಗಿಲು ತೆಗೆದು ಚೀಲ ಕೆಳಗಿಟ್ಟಿರಲಿಲ್ಲ. ಇಲಿಯಕ್ಕ ಹೊಸ್ತಿಲ ಹತ್ತಿರ ನಿಂತು ಇಷ್ಟು ಹೇಳಿದಳು. ಮುಖ ಬಿಳಿಚಿಕೊಂಡಿತ್ತು.

"ಏನು ಗೊತ್ತಾಗ್ತಿದೆ? ಬೆಳಬೆಳಿಗ್ಗೆ ಒಗಟು ಬೇಡ. ಕೂತ್ಕೊಂಡು ಸರಿಯಾಗಿ ಹೇಳು."

"ಯಾವ ಇಲಿಗೆ ಔಷಧಿ ಹೋಗಿದೆ, ಯಾವುದಕ್ಕೆ ಉಪ್ಪುನೀರು ಹೋಗಿದೆ ಅಂತ ಗೊತ್ತಾಗ್ತಿದೆ."

ಅವಳು ಕೂರಲಿಲ್ಲ. ನಾನೇ ಕೂತೆ.

ಇಲಿಯಕ್ಕ ನನ್ನ ಹತ್ತಿರ ಪಿಎಚ್.ಡಿ. ಮಾಡುತ್ತಿರುವವಳು. ಪಂಜರದ ಮುಂದೆ ನಿಂತು "ಏನಮ್ಮ, ನಿದ್ದೆ ಚೆನ್ನಾಗಿ ಬಂತಾ" ಎಂದು ಇಲಿಗಳನ್ನು ಮಾತಾಡಿಸುತ್ತಾಳೆ, ಅದಕ್ಕೇ ಆ ಹೆಸರು. ನನಗೂ ಒಂದು ಹೆಸರಿದೆ, ಕುಕ್ಕರ್ ಅಂತ. ನನ್ನೆದುರು ಯಾರೂ ಹೇಳುವುದಿಲ್ಲ. ಮೂರು ಕೂಗು ಕೂಗಿದ ಮೇಲೆ ತಣ್ಣಗಾಗುತ್ತೇನೆ ಎಂದು ಬೆನ್ನ ಹಿಂದೆ ಹೇಳಿಕೊಳ್ಳುತ್ತಾರಂತೆ. ಶುದ್ಧ ಸುಳ್ಳು. ಎರಡೇ ಕೂಗು.

ನಮ್ಮದು ಚಟದ ಬಗ್ಗೆ ಕೆಲಸ ಮಾಡುವ ಲ್ಯಾಬು. ಅಫೀಮಿನ ಬಳಗದ ಮದ್ದಿಗೆ ಒಗ್ಗಿಹೋದ ಮಿದುಳು, ಅದು ಸಿಗದಿದ್ದಾಗ ಏನೇನು ಮಾಡುತ್ತದೆ ಎಂದು ಇಲಿಗಳಲ್ಲಿ ನೋಡುತ್ತೇವೆ. ಮದ್ದು ನಿಂತರೆ ಇಲಿ ಒದ್ದೆಯಾದ ನಾಯಿಯ ಹಾಗೆ ಮೈ ಕೊಡವುತ್ತದೆ. ಮುಂಗಾಲು ನಡುಗಿಸುತ್ತದೆ, ಹಲ್ಲು ಕಟಕಟ ಅನ್ನಿಸುತ್ತದೆ. ಚಟ ಬಿಡಲು ಹೊರಟ ಮನುಷ್ಯನ ಪಾಡೂ ಹೆಚ್ಚುಕಡಿಮೆ ಇದೇ. ಆ ಹಿಂಸೆ ತಡೆಯಲಾರದೆ ಎಷ್ಟೋ ಜನ ವಾಪಸು ಮದ್ದಿಗೇ ಹೋಗುತ್ತಾರೆ. ಈ ಒದ್ದಾಟವನ್ನು ತಗ್ಗಿಸಬಹುದಾದ ಒಂದು ಹೊಸ ಔಷಧಿಯನ್ನು ಇಲಿಯಕ್ಕ ಪರೀಕ್ಷಿಸುತ್ತಿದ್ದಳು. ಅರ್ಧ ಇಲಿಗಳಿಗೆ ಔಷಧಿಯ ಸೂಜಿ, ಇನ್ನರ್ಧಕ್ಕೆ ಬರೀ ಉಪ್ಪುನೀರಿನ ಸೂಜಿ. ಸ್ವಲ್ಪ ಹೊತ್ತು ಬಿಟ್ಟು ಒಂದೊಂದನ್ನೇ ಎತ್ತಿ ಗಾಜಿನ ಪೆಟ್ಟಿಗೆಗೆ ಬಿಡುವುದು, ಎಷ್ಟು ಸಲ ಮೈ ಕೊಡವಿತು, ಎಷ್ಟು ಸಲ ನಡುಗಿತು ಎಂದು ಎಣಿಸುವುದು.

ಎಣಿಸುವವರಿಗೆ ಯಾವುದು ಯಾವುದೆಂದು ತಿಳಿದಿರಬಾರದು. ಇದನ್ನು ನಾವು ಬ್ಲೈಂಡ್ ಅನ್ನುತ್ತೇವೆ. ತಿಳಿದರೆ ಕಣ್ಣು ಮೋಸ ಮಾಡುತ್ತದೆ. ಔಷಧಿ ಹೋದ ಇಲಿ ಅರೆಬರೆ ಮೈ ಕೊಡವಿದರೆ 'ಇರಲಿ ಬಿಡು' ಅನ್ನಿಸುತ್ತದೆ, ಉಪ್ಪುನೀರಿನದು ಅಷ್ಟೇ ಮಾಡಿದರೆ 'ಬರಕೋ' ಅನ್ನಿಸುತ್ತದೆ. ಯಾರೂ ಬೇಕೆಂದು ಮಾಡುವುದಿಲ್ಲ, ಆದರೂ ಆಗಿಬಿಡುತ್ತದೆ. ಅದಕ್ಕೇ ಸೂಜಿ ತುಂಬುವ ಕೆಲಸ ಕೆಳಗಿನ ಮಹಡಿಯ ಫಾರ್ಮಸಿಸ್ಟಿನದು. ಸೂಜಿಯ ಮೇಲೆ ಇಲಿಯ ನಂಬರು ಮಾತ್ರ ಇರುತ್ತದೆ. ಒಳಗೇನಿದೆ ಎಂಬ ಪಟ್ಟಿ, ಅಂದರೆ ಕೋಡ್, ಇರುವುದು ಆಕೆಯೊಬ್ಬಳ ಹತ್ತಿರ. ಆಕೆಯನ್ನು ಎಲ್ಲರೂ ಬೀಗ ಎಂದು ಕರೆಯುತ್ತಾರೆ. ಮದುವೆಯಾಗಿ ಇಷ್ಟು ವರ್ಷವಾದರೂ ಗಂಡನ ಹೆಸರನ್ನೂ ಬಾಯಿಬಿಟ್ಟಿಲ್ಲ ಎಂದು ತಮಾಷೆ ಮಾಡುತ್ತಾರೆ.

ಇಲಿಯಕ್ಕನ ಗಂಡ ಬೇರೆ ಊರಿನ ಬ್ಯಾಂಕಿನಲ್ಲಿದ್ದಾನೆ. ಪುಟ್ಟ ಮಗಳು ಅಲ್ಲೇ ಅತ್ತೆಯ ಕೈಯಲ್ಲಿ ಬೆಳೆಯುತ್ತಿದ್ದಾಳೆ. ವಾರದ ಕೊನೆಗೆ ಬಸ್ಸು ಹತ್ತಿ ಹೋಗಿ ಬರುತ್ತಾಳೆ. ಈ ವರ್ಷ ಪ್ರಬಂಧ ಮುಗಿಸಿ ಮನೆ ಸೇರುವುದು, ಮಗಳು ಶಾಲೆಗೆ ಹೋಗುವ ಹೊತ್ತಿಗೆ ಅಮ್ಮ ಜೊತೆಗಿರುವುದು ಎಂದು ಮನೆಯವರೆಲ್ಲ ತೀರ್ಮಾನಿಸಿದ್ದರು. ಪ್ರಬಂಧದ ಕೊನೆಯ ಅಧ್ಯಾಯ ಈ ಔಷಧಿಯದು. ಕೊನೆಯ ತಂಡದ ಇಲಿಗಳನ್ನು ಹಿಂದಿನ ದಿನವಷ್ಟೇ ಎಣಿಸಿ ಮುಗಿಸಿದ್ದಳು. ಪ್ರಬಂಧ ಪರೀಕ್ಷಿಸುವ ಸಮಿತಿ ಕೂರುವ ದಿನವೂ ಗೊತ್ತಾಗಿತ್ತು. ಈಗ ಈ ಅಧ್ಯಾಯ ಬಿದ್ದರೆ ಹೊಸ ಇಲಿಗಳನ್ನು ತರಿಸಬೇಕು, ಒಗ್ಗಿಸಬೇಕು, ಮೊದಲಿನಿಂದ ಎಣಿಸಬೇಕು. ಏನಿಲ್ಲವೆಂದರೂ ಒಂದು ವರ್ಷ ಹೋಗುತ್ತದೆ.

"ನಿನ್ನ ಭ್ರಮೆ ಇರಬಹುದು" ಅಂದೆ. "ಪರೀಕ್ಷೆ ಮಾಡೋಣ. ನಿನ್ನೆ ಎಣಿಸಿದ ಇಲಿಗಳಲ್ಲಿ ಯಾವುದಕ್ಕೆ ಏನು ಹೋಗಿದೆ ಅಂತ ನಿನಗನ್ನಿಸಿದ್ದನ್ನ ಬರೆದು, ಕೆಳಗೆ ಬೀಗ ಇದ್ದಾಳಲ್ಲ, ಅವಳಿಗೆ ಕೊಡು."

ಬರೆದುಕೊಟ್ಟಳು. ಬೀಗ ಕೆಳಗೆ ಹೋಗಿ ಹೋಲಿಸಿ ನೋಡಿ ಮೇಲೆ ಬಂದಳು. ಮೆಟ್ಟಿಲು ಹತ್ತಿ ಏದುಸಿರು ಬಿಡುತ್ತಿದ್ದಳು.

"ಎಷ್ಟು ಸರಿ ಅಂತ ಮಾತ್ರ ಹೇಳ್ತೀನಿ. ಯಾವುದು ಸರಿ ಅಂತ ಯಾರೂ ಕೇಳಬೇಡಿ."

"ಹೇಳಿ ತಾಯಿ."

"ಒಂದು ಬಿಟ್ಟು ಎಲ್ಲಾ ಸರಿ."

ಕುಕ್ಕರಿನ ಮೊದಲ ಕೂಗು ಆಗಲೇ ಆದದ್ದು. ಪಕ್ಕದ ಲ್ಯಾಬಿನವರು ಬಾಗಿಲು ತೆರೆದು ನೋಡಿ, ನಾನೆಂದು ತಿಳಿದು ಮತ್ತೆ ಮುಚ್ಚಿಕೊಂಡರು.

"ಇಷ್ಟು ದಿನ ಬಾಯಲ್ಲಿ ಏನಿಟ್ಕೊಂಡಿದ್ದೆ?"

"ಮೊದಮೊದಲು ಸುಮ್ಮನೆ ಅನುಮಾನ ಅಷ್ಟೇ ಮೇಡಂ. ನಿನ್ನೆ ಖಾತ್ರಿ ಆಯ್ತು. ರಾತ್ರಿಯೆಲ್ಲಾ ಹೊರಳಾಡಿದೆ. ಫಲಿತಾಂಶ ತುಂಬಾ ಚೆನ್ನಾಗಿ ಬಂದಿದೆ ಅಂತ ನಂಗೆ ಗೊತ್ತು. ಅದಕ್ಕೇ ಹೆದರಿಕೆ."

"ಹೇಗೆ ಗೊತ್ತಾಗುತ್ತೆ? ಏನು ನೋಡ್ತೀಯ ನೀನು?"

"ಅದು ಮೇಡಂ, ಸೂಜಿ ಕೊಟ್ಟು ಸ್ವಲ್ಪ ಹೊತ್ತಿಗೆ ಅದರ..."

"ಹೇಳ್ಬೇಡ!"

ಬಾಗಿಲಲ್ಲಿ ವಕೀಲ ನಿಂತಿದ್ದ. ಓಡಿಬಂದು ಅವಳ ಬಾಯಿಗೆ ಕೈ ಅಡ್ಡ ಹಿಡಿಯುವುದೊಂದು ಬಾಕಿ. ಇವನೂ ನನ್ನ ವಿದ್ಯಾರ್ಥಿಯೇ, ಇಲಿಯಕ್ಕನಿಗಿಂತ ಒಂದು ವರ್ಷ ಚಿಕ್ಕವನು. ಬೆಳಗಾಯಿತು ಎಂದರೆ 'ಯಾವ ಆಧಾರದ ಮೇಲೆ' ಎಂದು ಕೇಳುವ ಆಸಾಮಿ, ಅದಕ್ಕೇ ವಕೀಲ.

"ನಿನ್ನನ್ನ ಯಾರೋ ಕರೆದದ್ದು?" ಅಂದೆ.

"ನಿಮ್ಮ ಕೂಗು ಕೇಳಿ ಬಂದೆ ಮೇಡಂ. ಅಲ್ಲ, ಯೋಚನೆ ಮಾಡಿ. ಒಂದೊಂದು ಇಲಿಯದ್ದೂ ವಿಡಿಯೋ ಇದೆ ಅಲ್ವಾ? ಬೇರೆಯವರು ಅದನ್ನ ನೋಡಿ ಹೊಸದಾಗಿ ಎಣಿಸಬಹುದು. ಆದ್ರೆ ಹಾಗೆ ಎಣಿಸೋಕೆ ಬರೋದು ಇಲ್ಲಿ ನಿಮಗೆ, ನನಗೆ. ಅಕ್ಕ ಈಗ ಅದೇನು ಅಂತ ಹೇಳಿಬಿಟ್ರೆ ನಮ್ಮಿಬ್ಬರ ಕಣ್ಣೂ ಕೆಟ್ಟಹಾಗೇ. ಆಮೇಲೆ ಎಣಿಸೋರು ಯಾರು? ಗೇಟಿನ ಕಾವಲುಗಾರನಾ?"

ಅವನು ಹೇಳಿದ್ದು ಸರಿ. ಸರಿಯಾದದ್ದನ್ನು ನನಗಿಂತ ಮೊದಲು ಹೇಳಿದನಲ್ಲ ಎಂದು ಮೈ ಉರಿಯಿತು.

"ಕೇಳಿಸಿತಲ್ಲ?" ಇಲಿಯಕ್ಕನಿಗೆ ಅಂದೆ. "ಇವತ್ತಿಂದ ಆ ಮಾತು ನಿನ್ನ ಹೊಟ್ಟೆಯಲ್ಲೇ ಇರಬೇಕು. ಎಣಿಕೆ ಮುಗಿದು ಬೀಗ ಕೋಡ್ ತೆಗೆಯೋ ತನಕ ಯಾರಿಗೂ ಹೇಳೋ ಹಾಗಿಲ್ಲ. ಗಂಡನಿಗೂ."

"ಅವರಿಗೆ ಹೇಳಿದ್ರೆ ಏನಾಗುತ್ತೆ ಮೇಡಂ? ಅವರು ಬ್ಯಾಂಕಲ್ಲಿದ್ದಾರೆ."

"ಮೊನ್ನೆ ಫೋನಲ್ಲಿ ಈ ವಕೀಲನ ಜೊತೆ ಅರ್ಧ ಗಂಟೆ ಹರಟೆ ಹೊಡೆದದ್ದು ಯಾರು? ನಿನ್ನ ಗಂಡ ತಾನೇ?"

ಹೊಸದಾಗಿ ಬಂದವರಿಗೆ ನಾನು ಮೊದಲು ಪೆನ್ನು ಕೊಡುವುದಿಲ್ಲ. ಗಾಜಿನ ಪೆಟ್ಟಿಗೆಯ ಮುಂದೆ ಕೂರಿಸುತ್ತೇನೆ. ನೋಡಿ, ಕಂಡದ್ದನ್ನಷ್ಟೇ ಹೇಳಿ, 'ಹೆದರಿದೆ', 'ಬೇಜಾರಾಗಿದೆ' ಎಂದೆಲ್ಲ ಕಥೆ ಕಟ್ಟಬೇಡಿ ಅನ್ನುತ್ತೇನೆ. ಎಷ್ಟೋ ಜನ ಮೊದಲ ವಾರವೇ ಆಕಳಿಸುತ್ತಾರೆ. ಇಲಿಯಕ್ಕ ಮಾತ್ರ ಅಲ್ಲಿಂದ ಏಳುತ್ತಲೇ ಇರಲಿಲ್ಲ. ಕಾಯಿಲೆ ಬೀಳುವ ಇಲಿಯನ್ನು ಪಶುವೈದ್ಯರಿಗಿಂತ ಮೊದಲೇ ಗುರುತಿಸುತ್ತಿದ್ದಳು. ಅವಳ ಬೆನ್ನು ತಟ್ಟಿದ್ದು ನಾನೇ, ಉಳಿದವರಿಗೆ 'ಅವಳನ್ನ ನೋಡಿ ಕಲೀರಿ' ಅಂದದ್ದೂ ನಾನೇ. ಈಗ ಆ ಕಣ್ಣು ನಮ್ಮ ಕೆಲಸಕ್ಕೇ ಅಡ್ಡ ಬಂದು ಕೂತಿತ್ತು.

ಮಾರನೆಯ ದಿನವೇ ಎಣಿಕೆ ಶುರು ಮಾಡಿದೆವು. ಬೀಗ ಎಲ್ಲ ವಿಡಿಯೋಗಳ ನಂಬರು ಬದಲಿಸಿ, ಕಲಸಿ ಕೊಟ್ಟಳು. ವಿಡಿಯೋದಲ್ಲಿ ಹಲ್ಲಿನ ಸದ್ದು ಕೇಳುವುದಿಲ್ಲವಾದ್ದರಿಂದ ಅದನ್ನು ಕೈಬಿಟ್ಟೆವು. ಮೈ ಕೊಡವುವುದು, ಕಾಲು ನಡುಗಿಸುವುದು, ಇನ್ನೆರಡು ಚಿಹ್ನೆ, ಇಷ್ಟೇ ಎಣಿಸುವುದೆಂದಾಯಿತು. ಲ್ಯಾಬಿನ ಮೂಲೆಯಲ್ಲಿ ಕಿಟಕಿಯಿಲ್ಲದ ಒಂದು ಕೋಣೆಯಿದೆ. ಕುರ್ಚಿಯೊಂದರ ಕಾಲು ಮೋಟು, ಫ್ಯಾನು ಸದ್ದು ಮಾಡುತ್ತದೆಯೇ ಹೊರತು ಗಾಳಿ ಬಿಡುವುದಿಲ್ಲ. ಬೆಳಿಗ್ಗೆ ಅಲ್ಲಿ ವಕೀಲ, ಮಧ್ಯಾಹ್ನ ನಾನು. ಒಬ್ಬರ ಲೆಕ್ಕ ಇನ್ನೊಬ್ಬರು ನೋಡುವಂತಿಲ್ಲ.

ನಿಜವಾದ ಕಷ್ಟ ಎಣಿಕೆಯದಲ್ಲ, ಕುತೂಹಲದ್ದು. ಅವಳು ಏನು ನೋಡಿದಳು? ಕಿವಿ ಇರಬಹುದೇ? ಬಾಲವೇ? ಮೂತಿಯೇ? ಪರದೆಯ ಮೇಲೆ ಇಲಿ ಬಂದ ಕೂಡಲೇ ಮನಸ್ಸು ಹುಡುಕಲು ಹೊರಡುತ್ತಿತ್ತು. ನನ್ನ ಕಿವಿ ನಾನೇ ಹಿಂಡಿಕೊಂಡು ಎಣಿಕೆಗೆ ತರುತ್ತಿದ್ದೆ. ಊಟದ ಹೊತ್ತಿಗೆ ಜೂನಿಯರುಗಳು ಇಲಿಯಕ್ಕನ ಕಾಲೆಳೆಯುತ್ತಿದ್ದರು.

"ಅಕ್ಕ, ಔಷಧಿ ಹೋದ ಇಲಿ ಕಣ್ಣು ಹೊಡೆಯುತ್ತಂತೆ, ನಿಜವಾ?"

"ಅಕ್ಕನ್ನ ನೋಡಿದ್ರೆ ಎದ್ದು ನಿಂತು ನಮಸ್ಕಾರ ಮಾಡುತ್ತಂತೆ."

"ತಿನ್ನೋದು ತಿಂದು ಬಾಯಿ ಮುಚ್ಕೊಂಡಿರಿ" ಎನ್ನುತ್ತಿದ್ದಳು ಅವಳು. ನಗುತ್ತಿರಲಿಲ್ಲ.

ಮೊದಲ ವಾರ ಮುಗಿದ ಮೇಲೆ ಬೀಗ ನನ್ನ ಮತ್ತು ವಕೀಲನ ಲೆಕ್ಕ ಹೋಲಿಸಿ ಮುಖ ಗಂಟಿಕ್ಕಿದಳು.

"ನೀವಿಬ್ಬರೂ ಒಂದೇ ಇಲಿಯನ್ನ ನೋಡ್ತಿದ್ದೀರಾ?"

ತಲೆ ಮಾತ್ರ ಕೊಡವಿದರೆ ಅದು ಲೆಕ್ಕಕ್ಕೆ ಸೇರುತ್ತದೆಯೋ ಇಲ್ಲವೋ, ಜಗಳ ಅಲ್ಲಿತ್ತು. ನಾನು ಮೂತಿಯಿಂದ ಹಿಂಭಾಗದವರೆಗೆ ಮೈಯೆಲ್ಲ ಅಲುಗಿದರೆ ಮಾತ್ರ ಎಣಿಸುತ್ತಿದ್ದೆ. ವಕೀಲ ತಲೆ ಅಲುಗಿದರೂ ಸೇರಿಸುತ್ತಿದ್ದ.

"ತಲೆ ಕೊಡವೋದೂ ಮೈ ಕೊಡವೋದೂ ಒಂದೇನಾ? ನೀನು ಬೇಡ ಅಂತ ತಲೆ ಅಲ್ಲಾಡಿಸಿದ್ರೆ ಕುಣಿದ ಹಾಗಾ?"

"ತಲೆ ಮೈಯಲ್ಲೇ ಇರೋದು ಮೇಡಂ. ನಿಮ್ಮ ಲೆಕ್ಕದಲ್ಲಿ ತಲೆ ಯಾರದ್ದು?"

"ನನ್ನ ಹತ್ತಿರ ತರ್ಲೆ ಮಾತಾಡಬೇಡ."

"ತರ್ಲೆ ಅಲ್ಲ, ಪ್ರಶ್ನೆ."

ಗೋಡೆಯಾಚೆಯಿಂದ ಇಲಿಯಕ್ಕನ ದನಿ ಬಂತು. "ಮೇಡಂ, ನಾನು ಒಳಗೆ ಬಂದು ಒಂದೇ ನಿಮಿಷದಲ್ಲಿ ತೋರಿಸಲಾ?"

"ಒಳಗೆ ಕಾಲಿಟ್ಟರೆ ಕಾಲು ಮುರೀತೀನಿ!"

"ಬರಲ್ಲ ಮೇಡಂ. ಆದ್ರೆ ಮೊದಲನೇ ಇಲಿ ಬರೋ ಮುಂಚೆ ನಾನು ಬರೆದ ನಿಯಮ ನಿಮ್ಮ ಮೇಜಿನ ಮೇಲಿದೆ. ಅದನ್ನ ಓದಿ, ಸಾಕು."

ಓದಿದೆ. ತಲೆ ಮಾತ್ರ ಕೊಡವಿದರೂ ಎಣಿಸಬೇಕು ಎಂದು ಸ್ಪಷ್ಟವಾಗಿ ಬರೆದಿದ್ದಳು. ಕೆಳಗೆ ನನ್ನ ಸಹಿ. ವಕೀಲ ಆ ಸಾಲಿನ ಮೇಲೆ ಬೆರಳಿಟ್ಟು ನಿಂತ. ಅದೇ ಹೆಚ್ಚು ಸಿಟ್ಟು ಬರಿಸಿತು. ಬೇರೆ ಪ್ರಯೋಗದ ಹಳೆಯ ವಿಡಿಯೋಗಳನ್ನು ಹಾಕಿಕೊಂಡು, ಅಕ್ಕಪಕ್ಕ ಕೂತು, ಇಬ್ಬರ ಲೆಕ್ಕ ಒಂದಾಗುವವರೆಗೆ ಅಭ್ಯಾಸ ಮಾಡಿದೆವು. ನಾನು ಎಣಿಸಿದ್ದನ್ನೆಲ್ಲ ಅಳಿಸಿ ಮತ್ತೆ ಮೊದಲಿನಿಂದ ಶುರುಮಾಡಿದೆ.

ಆ ಭಾನುವಾರ ಮನೆಯಲ್ಲೂ ಲ್ಯಾಪ್‌ಟಾಪು ಬಿಚ್ಚಿ ಅಭ್ಯಾಸದ ವಿಡಿಯೋ ನೋಡುತ್ತ ಬೆರಳಲ್ಲಿ ಮೇಜು ತಟ್ಟುತ್ತಿದ್ದೆ. ಅತ್ತೆ ಬಂದು ಹೆಗಲ ಮೇಲಿಂದ ಬಗ್ಗಿ ನೋಡಿದರು.

"ಇಲಿ ನಡುಗೋದನ್ನ ಎಣಿಸೋಕೆ ಇಷ್ಟೊಂದು ಓದಬೇಕಾ?"

"ಬೇಕು ಅತ್ತೆ. ಓದಿದ ಮೇಲೂ ತಪ್ಪಾಗುತ್ತೆ." ಸಂಗತಿಯನ್ನೆಲ್ಲ ಹೇಳಿದೆ.

"ಪಾಪ, ಆ ಹುಡುಗಿ ಹೊಟ್ಟೆ ಉಬ್ಬಿ ಸಾಯ್ತಾಳೆ. ಒಂದು ಕೆಲಸ ಮಾಡು. ಬಂದು ನನ್ನ ಕಿವೀಲಿ ಹೇಳ್ಲಿ. ನಾನು ಯಾರಿಗೂ ಹೇಳಲ್ಲ."

ಒಳಗಿನಿಂದ ನನ್ನ ಗಂಡ ಜೋರಾಗಿ ನಕ್ಕರು. ಅತ್ತೆಗೆ ಹೇಳಿದ ಗುಟ್ಟು ನಾವು ಮೆಟ್ಟಿಲಿಳಿಯುವಷ್ಟರಲ್ಲಿ ಬೀದಿಯ ಕೊನೆ ಮುಟ್ಟಿರುತ್ತದೆ.

ಇನ್ನೊಂದು ವಾರ ಕಳೆದಿರಬೇಕು. ಊರಿನಿಂದ ವಾಪಸು ಬಂದ ಇಲಿಯಕ್ಕ ಚೀಲವನ್ನೂ ಇಳಿಸದೆ ಪಂಜರಗಳ ಕೋಣೆಯಲ್ಲಿ ನಿಂತಿದ್ದಳು. ಇಲಿಗಳನ್ನು ಮಾತಾಡಿಸುತ್ತಿರಲಿಲ್ಲ.

"ಏನಾಯ್ತು?"

"ಏನಿಲ್ಲ ಮೇಡಂ. ನನ್ನ ಮಗಳು ನಂಗೆ ನೀರು ತಂದುಕೊಟ್ಟಳು. ಅವರ ಮನೆಗೆ ಯಾರಾದ್ರೂ ಬಂದ್ರೆ ಕೊಡ್ತಾಳಲ್ಲ, ಹಾಗೆ." ಪಂಜರದ ಕಂಬಿ ಸವರುತ್ತ ಅಂದಳು, "ಅವತ್ತು ನಾನು ನಿಮ್ಮ ಕೋಣೆಗೆ ಬರದೇ ಇದ್ದಿದ್ರೆ ಯಾರಿಗೂ ಗೊತ್ತಾಗ್ತಿರಲಿಲ್ಲ."

"ಹೌದು, ಗೊತ್ತಾಗ್ತಿರಲಿಲ್ಲ."

"ಬೈಯಲ್ವಾ?"

"ಯಾಕೆ ಬೈಲಿ? ನಿಜ ತಾನೇ." ಚೀಲ ಅವಳ ಹೆಗಲಿನಿಂದ ಇಳಿಸಿ ಕೆಳಗಿಟ್ಟೆ. "ನಿನ್ನ ಲೆಕ್ಕ ನಂಬಿ ಮುಂದೆ ಇನ್ಯಾರೋ ಇದನ್ನ ಮನುಷ್ಯರಿಗೆ ಕೊಟ್ಟು ನೋಡ್ತಾರೆ. ಚಟ ಬಿಡ್ತೀನಿ ಅಂತ ಬರೋನು ಇರೋ ಧೈರ್ಯವನ್ನೆಲ್ಲಾ ಒಟ್ಟುಮಾಡ್ಕೊಂಡು ಒಂದು ಸಲ ಬಂದಿರ್ತಾನೆ. ಔಷಧಿ ಕೈಕೊಟ್ರೆ ಎರಡನೇ ಸಲ ಬರ್ತಾನಾ? ನೀನು ಬಾಯಿಬಿಟ್ಟದ್ದು ಅವನಿಗೋಸ್ಕರ ಅಂದ್ಕೋ."

"ಮತ್ತೆ ಎಣಿಕೆಯಲ್ಲಿ ಏನೂ ಉಳೀದೇ ಹೋದ್ರೆ?"

"ಔಷಧಿ ಕೆಲಸ ಮಾಡಿದ್ರೆ ನಮ್ಮ ಕಣ್ಣಿಗೂ ಕಾಣುತ್ತೆ. ಕಾಣದಿದ್ರೆ ಇನ್ನೊಂದು ವರ್ಷ ಮಾಡ್ತೀವಿ. ಮಗಳನ್ನ ಇಲ್ಲಿಗೇ ಕರ್ಕೊಂಡು ಬಾ. ನಮ್ಮತ್ತೆಗೂ ಮಾತಾಡೋಕೆ ಒಬ್ಬರು ಸಿಗ್ತಾರೆ. ಈಗ ಮುಖ ತೊಳ್ಕೊಂಡು ಬಂದು ಎರಡನೇ ಅಧ್ಯಾಯದ ತಪ್ಪು ತಿದ್ದು. ಕಾಗುಣಿತ ನೋಡೋಕಾಗಲ್ಲ."

ಅವಳನ್ನು ಸಮಾಧಾನ ಮಾಡಲು ಹೇಳಿದ ಮಾತಲ್ಲ ಅದು. ಔಷಧಿಯಲ್ಲಿ ಏನೋ ಇದೆ ಎಂದು ನನಗೆ ಅನ್ನಿಸಿತ್ತು. ಎಷ್ಟಿದೆ ಎಂಬುದೊಂದೇ ಪ್ರಶ್ನೆ.

ಎಣಿಕೆ ಮುಗಿದ ದಿನ ಬೀಗ ತನ್ನ ಕಂಪ್ಯೂಟರನ್ನು ಎದೆಗವಚಿಕೊಂಡು ಮೇಲೆ ಬಂದಳು. ನನ್ನ ಕೋಣೆಯ ಬಾಗಿಲು ಹಾಕಿದೆವು. ನಾವು ನಾಲ್ಕೇ ಜನ. ಅವಳು ಕೋಡ್ ತೆಗೆದು, ಮೂವರ ಲೆಕ್ಕವನ್ನೂ ಅದಕ್ಕೆ ಜೋಡಿಸಿ, ಪರದೆಯನ್ನು ನಮ್ಮ ಕಡೆ ತಿರುಗಿಸಿದಳು.

ಇಲಿಯಕ್ಕನ ಲೆಕ್ಕದ ಪ್ರಕಾರ ಔಷಧಿ ಹೋದ ಇಲಿಗಳ ಒದ್ದಾಟ ಅರ್ಧಕ್ಕಿಂತ ಕೆಳಗಿಳಿದಿತ್ತು. ನನ್ನ ಲೆಕ್ಕದಲ್ಲಿ ಮೂರರಲ್ಲಿ ಒಂದು ಪಾಲು ಮಾತ್ರ ಇಳಿದಿತ್ತು. ವಕೀಲನದೂ ಹೆಚ್ಚುಕಡಿಮೆ ಅಷ್ಟೇ. ಉಪ್ಪುನೀರಿನ ಗುಂಪಿಗೂ ಔಷಧಿಯ ಗುಂಪಿಗೂ ಇದ್ದ ಅಂತರ ಮಾತ್ರ ಗಟ್ಟಿಯಾಗಿತ್ತು. ಯಾವ ಕಡೆಯಿಂದ ಲೆಕ್ಕ ಹಾಕಿದರೂ ಅಲುಗಲಿಲ್ಲ.

"ಇದೆ!" ವಕೀಲ ಮೇಜು ಗುದ್ದಿದ.

"ಕಮ್ಮಿ ಆಯ್ತು" ಅಂದಳು ಇಲಿಯಕ್ಕ.

"ಕಮ್ಮಿ ಆಯ್ತು. ಆದ್ರೆ ಇದು ಯಾರು ಗುದ್ದಿದ್ರೂ ಬೀಳಲ್ಲ. ಇವನು ಗುದ್ದಿದ್ರೂ" ಅಂದೆ. "ಈಗ ಬಾಯಿಬಿಡು ತಾಯಿ. ಏನು ನೋಡಿದೆ ನೀನು?"

ಅವಳು ಕೈ ಮುಂದೆ ಚಾಚಿದಳು. "ನೋಡಿದ್ದಲ್ಲ ಮೇಡಂ. ಪೆಟ್ಟಿಗೆಗೆ ಬಿಡೋಕೆ ಅಂತ ಹೀಗೆ ಎತ್ತಿಕೊಳ್ತೀನಲ್ಲ, ಆಗ ಔಷಧಿ ಹೋದ ಇಲಿ ಹಿಂಗಾಲನ್ನ ನನ್ನ ಮಣಿಕಟ್ಟಿಗೆ ಒತ್ತಿ ಹಿಡಿಯುತ್ತೆ. ಉಪ್ಪುನೀರು ಹೋದದ್ದು ಕಾಲು ಜೋಲು ಬಿಡುತ್ತೆ."

ವಕೀಲ ತನ್ನ ಮಣಿಕಟ್ಟನ್ನು ತಿರುಗಿಸಿ ನೋಡಿಕೊಂಡ.

"ಅಂದ್ರೆ," ವಕೀಲ ನಿಧಾನವಾಗಿ ಕೇಳಿದ, "ವಿಡಿಯೋದಲ್ಲಿ ಅದು ಇಲ್ಲವೇ ಇಲ್ಲ?"

"ಇಲ್ಲ. ವಿಡಿಯೋ ಶುರು ಆಗೋದು ಪೆಟ್ಟಿಗೆಗೆ ಬಿಟ್ಟ ಮೇಲೆ."

"ಅಕ್ಕಾ! ಇಷ್ಟು ದಿನ ಆ ಬಿಸಿಗೂಡಲ್ಲಿ ಕೂತು ಕಿವಿ ನೋಡಬಾರದು, ಮೀಸೆ ನೋಡಬಾರದು ಅಂತ ಕಣ್ಣು ಅರ್ಧ ಮುಚ್ಕೊಂಡು ಎಣಿಸಿದ್ದೀನಿ. ನನ್ನ ಕನಸಲ್ಲೂ ಇಲಿ ಬಾಲ ಮುಚ್ಕೊಂಡು ಬರ್ತಿತ್ತು!"

"ವಿಡಿಯೋದಲ್ಲಿಲ್ಲ ಅಂತ ಹೇಳಿದ್ರೂ ಅರ್ಧ ಹೇಳಿದ ಹಾಗೇ ಅಲ್ವೇನೋ? ನೀನೇ ತಾನೇ 'ಹೇಳ್ಬೇಡ' ಅಂತ ಕಿರುಚಿದ್ದು."

ಬೀಗ ನಕ್ಕಳು. ಆಕೆ ಹಲ್ಲು ಕಾಣುವಂತೆ ನಕ್ಕದ್ದನ್ನು ನಾವು ಯಾರೂ ಅದುವರೆಗೆ ನೋಡಿರಲಿಲ್ಲ.

ಕೊನೆಯ ಅಧ್ಯಾಯವನ್ನು ಇಲಿಯಕ್ಕ ಪೂರ್ತಿ ಹೊಸದಾಗಿ ಬರೆದಳು. ತನ್ನ ಲೆಕ್ಕ ಯಾಕೆ ಕೆಟ್ಟಿತು, ಯಾರು ಮತ್ತೆ ಎಣಿಸಿದರು, ಎಷ್ಟು ಉಳಿಯಿತು, ಎಲ್ಲವನ್ನೂ ಇದ್ದದ್ದು ಇದ್ದ ಹಾಗೆ ಬರೆದಳು. ನಾನು ಒಂದೆರಡು ಕಡೆ ಮೃದು ಮಾಡಲು ಹೋದೆ. ಅವಳು ಆ ಸಾಲುಗಳನ್ನು ಹೊಡೆದುಹಾಕಿ ಮತ್ತೆ ಮೊದಲಿನ ಹಾಗೇ ಮಾಡಿದಳು.

ಸಮಿತಿ ಸೇರಿದ್ದು ಮೇಲಿನ ಮಹಡಿಯ ಉದ್ದನೆಯ ಕೋಣೆಯಲ್ಲಿ. ಮೂವರಿದ್ದರು. ಅಧ್ಯಕ್ಷರು ಬಿಳಿ ತಲೆಯ ಮನೋವೈದ್ಯರು. ಅವರ ಬಲಕ್ಕೆ ಔಷಧಿ ಕಲಿಸುವ ಪ್ರೊಫೆಸರಮ್ಮ, ಎಡಕ್ಕೆ ಬೇರೆ ವಿಶ್ವವಿದ್ಯಾಲಯದಿಂದ ಬಂದ ಪರೀಕ್ಷಕ. ಈ ಪರೀಕ್ಷಕನ ಹೆಸರು ಕೇಳಿದರೆ ವಿದ್ಯಾರ್ಥಿಗಳು ದಾರಿ ಬದಲಿಸುತ್ತಾರೆ. ಗೈಡ್ ಆದವರು ಹಿಂದಿನ ಸಾಲಿನಲ್ಲಿ ಕೂರಬೇಕು, ಕೇಳದೆ ಬಾಯಿ ತೆರೆಯಬಾರದು. ಇದು ನಮ್ಮಲ್ಲಿ ಕಟ್ಟುನಿಟ್ಟಿನ ನಿಯಮ. ನಾನು ಕೈಕಟ್ಟಿ ಕೂತೆ. ಪಕ್ಕದಲ್ಲಿ ವಕೀಲ ಕೂತಿದ್ದ. ನನ್ನನ್ನು ಹಿಡಿದುಕೊಳ್ಳಲಿ ಎಂದೇ ಉಳಿದವರು ಅವನನ್ನು ಅಲ್ಲಿ ಕೂರಿಸಿದ್ದರೆಂದು ಆಮೇಲೆ ತಿಳಿಯಿತು.

ಇಲಿಯಕ್ಕ ಹೇಳುವುದನ್ನೆಲ್ಲ ಹೇಳಿ ಮುಗಿಸಿದಳು. ಪರೀಕ್ಷಕ ಕನ್ನಡಕ ತೆಗೆದು ಮೇಜಿನ ಮೇಲಿಟ್ಟ.

"ನಿಮ್ಮ ಎಣಿಕೆ ತಪ್ಪಿತ್ತು ಅಂತ ನೀವೇ ಬರೆದಿದ್ದೀರಿ. ಒಂದು ಅಧ್ಯಾಯದಲ್ಲಿ ತಪ್ಪಿದವರನ್ನ ಉಳಿದದ್ದರಲ್ಲಿ ಯಾಕೆ ನಂಬಬೇಕು?"

ನನ್ನ ಕಿವಿ ಬಿಸಿಯಾಯಿತು. ಹೇಳದೇ ಇದ್ದಿದ್ದರೆ ನಿನಗೆಲ್ಲಿ ಗೊತ್ತಾಗುತ್ತಿತ್ತಯ್ಯ ಎಂದು ನಾಲಿಗೆಯ ತುದಿಗೆ ಬಂತು. ವಕೀಲ ನನ್ನ ಮೊಣಕೈ ಹಿಡಿದ.

ಇಲಿಯಕ್ಕ ತಡವರಿಸಲಿಲ್ಲ. "ಮೊದಲೆರಡು ಅಧ್ಯಾಯದಲ್ಲಿ ಎಣಿಸಿದ್ದು ಯಂತ್ರ ಸಾರ್. ಅದಕ್ಕೆ ಇಲಿಗಳ ಮೇಲೆ ಪ್ರೀತಿ ಇಲ್ಲ. ಮೂರನೆಯದರಲ್ಲಿ ಎಣಿಸಿದ್ದು ನಾನು, ಅದಕ್ಕೇ ಬೇರೆಯವರ ಹತ್ತಿರ ಎಣಿಸಿದೆ. ಅವರನ್ನೂ ನಂಬಬೇಕಾಗಿಲ್ಲ. ವಿಡಿಯೋ ತಂದಿದ್ದೀನಿ. ನೀವೇ ಎಣಿಸಿ."

"ಈಗಲಾ?"

"ಈಗಲೇ. ಎರಡು ಇಲಿ. ಯಾವುದು ಅಂತ ನೀವೇ ಆರಿಸಿ. ನಿಯಮ ಇಲ್ಲಿದೆ, ಒಂದೇ ಹಾಳೆ."

ಪರೀಕ್ಷಕ ಅಧ್ಯಕ್ಷರ ಮುಖ ನೋಡಿದ. ಅಧ್ಯಕ್ಷರು ಆಗಲೇ ಜೇಬಿನಿಂದ ಪೆನ್ನು ತೆಗೆಯುತ್ತಿದ್ದರು. ಒಂದೊಂದು ಗುಂಪಿನಿಂದ ಒಂದೊಂದು ಇಲಿ ಸಿಗುವ ಹಾಗೆ ಬೀಗ ನಂಬರುಗಳನ್ನು ಎರಡು ಸಾಲು ಮಾಡಿಟ್ಟಿದ್ದಳು. ಯಾವ ಸಾಲು ಯಾವುದೆಂದು ಹೇಳಿರಲಿಲ್ಲ. ಅವರು ಸಾಲಿಗೊಂದರಂತೆ ಆರಿಸಿದರು. ದೀಪ ಆರಿಸಿದೆವು. ಪರದೆಯ ಮೇಲೆ ಇಲಿ ಬಂತು. ದೊಡ್ಡ ದೊಡ್ಡ ಮನುಷ್ಯರು ಮೂವರು ಕತ್ತು ಮುಂದೆ ಚಾಚಿ, ತುಟಿ ಅಲುಗಿಸುತ್ತ, ಗೀಟು ಹಾಕತೊಡಗಿದರು. ನಡುವೆ ಒಂದು ಸಲ ಪರೀಕ್ಷಕ, "ಇದು ತಲೆ ಮಾತ್ರ ಅಲ್ಲವೇ?" ಎಂದು ಗೊಣಗಿದ. "ಸೇರುತ್ತೆ ಸಾರ್, ಹಾಳೆ ನೋಡಿ" ಅಂದಳು ಇಲಿಯಕ್ಕ. ಪಕ್ಕದಲ್ಲಿ ವಕೀಲ ಕೆಮ್ಮಿದ. ನಾನು ಅವನ ಕಡೆ ತಿರುಗಲಿಲ್ಲ.

ದೀಪ ಹಾಕಿದಾಗ ಮೂವರೂ ತಮ್ಮ ಗೀಟುಗಳನ್ನು ಕೂಡಿಸಿದರು. ನಮ್ಮ ಲೆಕ್ಕಕ್ಕೂ ಅವರ ಲೆಕ್ಕಕ್ಕೂ ಒಂದೆರಡರ ವ್ಯತ್ಯಾಸ. ಇಲಿಯಕ್ಕ ತನ್ನ ಹಳೆಯ ಲೆಕ್ಕವನ್ನೂ ಪಕ್ಕದಲ್ಲಿ ತೋರಿಸಿದಳು. ಔಷಧಿ ಹೋದ ಇಲಿಯಲ್ಲಿ ಅದು ಎಷ್ಟು ಕಡಿಮೆಯಿತ್ತೆಂದು ಎಲ್ಲರಿಗೂ ಕಂಡಿತು.

"ಇದೆಲ್ಲ ಸರಿ. ಔಷಧಿಯಿಂದ ಬರೀ ನಿದ್ದೆ ಬಂದು ಇಲಿ ಸುಮ್ಮನೆ ಬಿದ್ದಿರಬಹುದಲ್ಲ?" ಎಂದರು ಪ್ರೊಫೆಸರಮ್ಮ.

"ಪೆಟ್ಟಿಗೆಯ ತಳದಲ್ಲಿ ಓಡಾಟ ಅಳೆಯೋ ಯಂತ್ರ ಇದೆ ಮೇಡಂ. ಎರಡು ಗುಂಪೂ ಒಂದೇ ಸಮ ಓಡಾಡಿವೆ. ಪುಟದ ಕೆಳಗಿನ ಚಿತ್ರ ನೋಡಿ."

ಅವರು ನೋಡಿ, ತಲೆಯಾಡಿಸಿ, ಪುಟ ಮಗುಚಿದರು. ಪರೀಕ್ಷಕ ಕನ್ನಡಕ ಹಾಕಿಕೊಂಡ.

"ನಿಮ್ಮ ಹಳೆಯ ಲೆಕ್ಕವನ್ನೂ ಪ್ರಬಂಧದಲ್ಲಿ ಉಳಿಸಿಕೊಳ್ಳಬೇಕು. ಹೊಸದರ ಪಕ್ಕದಲ್ಲೇ. ಮುಂದೆ ಬರುವವರಿಗೆ ಕಾಣಬೇಕು."

"ಉಳಿಸಿದ್ದೀನಿ ಸಾರ್. ಮುಂದಿನ ಪುಟ."

"ಹೂಂ," ಅಂದ. ಮುಂದಿನ ಪುಟ ನೋಡಿದ. "ಹೂಂ. ನನ್ನ ವಿದ್ಯಾರ್ಥಿಗಳಲ್ಲಿ ಒಬ್ಬನಾದರೂ ಹೀಗೆ ಬಂದು ಬಾಯಿಬಿಟ್ಟಿಲ್ಲ."

"ನಿಮ್ಮನ್ನ ಕಂಡರೆ ಅವರಿಗೆ ಭಯ ಇರಬೇಕು ಸಾರ್."

"ನಿಮ್ಮ ಗೈಡನ್ನ ಕಂಡರೆ ನಿಮಗೆ ಭಯ ಇಲ್ಲವೇ?"

"ಇದೆ. ಆದ್ರೆ ನಮ್ಮ ಮೇಡಂ ಎರಡೇ ಸಲ ಕೂಗೋದು. ಆಮೇಲೆ ಬಂದು ಜೊತೆಗೆ ಕೂತು ಎಣಿಸ್ತಾರೆ."

ಅಧ್ಯಕ್ಷರು ಬಾಯಿಗೆ ಕರವಸ್ತ್ರ ಅಡ್ಡ ಹಿಡಿದರು. ನಾನು ಚಾವಣಿಯ ಕಡೆ ನೋಡಿದೆ.

ನಮ್ಮನ್ನು ಹೊರಗೆ ಕಳಿಸಿ ಅವರು ಹೆಚ್ಚು ಹೊತ್ತು ಮಾತಾಡಲಿಲ್ಲ. ಕಾರಿಡಾರಿನಲ್ಲಿ ನಾವಿನ್ನೂ ಸರಿಯಾಗಿ ನಿಂತೂ ಇರಲಿಲ್ಲ, ಮತ್ತೆ ಕರೆದರು. ಅಧ್ಯಕ್ಷರು ಎದ್ದು ನಿಂತು, "ಬನ್ನಿ ಡಾಕ್ಟರೇ" ಎಂದರು. ಇಲಿಯಕ್ಕ ಹಿಂದೆ ತಿರುಗಿ ನೋಡಿದಳು, ಯಾರನ್ನು ಕರೆಯುತ್ತಿದ್ದಾರೆಂದು. ಅವಳ ಹಿಂದೆ ನಾನಿದ್ದೆ.

"ನಿನ್ನನ್ನೇ ಕಣೇ," ಅಂದೆ. "ಹೋಗು."

ಸಣ್ಣಪುಟ್ಟ ತಿದ್ದುಪಡಿ ಕೊಟ್ಟಿದ್ದರು. ಎಲ್ಲ ಮುಗಿಸಿ ಪ್ರಬಂಧ ಅಚ್ಚಿಗೆ ಹೋಗುವವರೆಗೆ ಇಲ್ಲೇ ಇರಬೇಕೆಂದು ನಾನು ಪಟ್ಟುಹಿಡಿದೆ. ಅವಳು ಚೀಲಕ್ಕೆ ಬಟ್ಟೆ ತುಂಬುತ್ತಲೇ ಇದ್ದಳು.

"ಮನೆಯಿಂದ ಮಾಡಿ ಕಳಿಸ್ತೀನಿ ಮೇಡಂ."

"ಮನೆಗೆ ಹೋದ ಮೇಲೆ ಯಾರು ಮಾಡ್ತಾರೆ? ನಂಗೊತ್ತಿಲ್ವಾ? ಮಗಳು, ಅಡುಗೆ, ನೆಂಟರು ಅಂತ ತಿಂಗಳು ಎಳೀತೀಯ."

"ಒಂದು ವಾರದಲ್ಲಿ ಕಳಿಸ್ತೀನಿ. ಕಳಿಸದಿದ್ರೆ ಅಲ್ಲಿಗೇ ಬಂದು ಕೂಗಿ."

"ಬರ್ತೀನಿ. ಬರಲ್ಲ ಅಂದ್ಕೊಂಡಿದ್ದೀಯಾ?"

"ಅತ್ತೇನೂ ಕರ್ಕೊಂಡು ಬನ್ನಿ ಮೇಡಂ" ಎಂದು ಚೀಲ ಹೆಗಲಿಗೇರಿಸಿ, ಮಧ್ಯಾಹ್ನದ ಬಸ್ಸಿಗೇ ಹೊರಟುಹೋದಳು. ತಿದ್ದುಪಡಿ ಐದೇ ದಿನದಲ್ಲಿ ಬಂತು. ಕಾಗುಣಿತದ ತಪ್ಪುಗಳು ಮಾತ್ರ ಹಾಗೇ ಇದ್ದವು.